ಮಹಾಗನಿ ಮೇಜಿನ ಹಳೆಯ ಮೈಬಣ್ಣವನ್ನು ಉಳಿಸಿಕೊಂಡ ಬಗೆ

ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿರುವ ನನ್ನ ಸಣ್ಣ ಕಾರ್ಯಾಗಾರಕ್ಕೆ ಕಳೆದ ಚಳಿಗಾಲದಲ್ಲಿ ಒಂದು ಮಹಾಗನಿ ಬರವಣಿಗೆಯ ಮೇಜು ರಿಪೇರಿಗೆ ಬಂದಿತು. ಎರಡು ಬದಿಗೂ ಮೂರು ಮೂರು ಡ್ರಾಯರುಗಳ ಗೂಡು, ನಡುವೆ ಕಾಲು ಚಾಚಿಕೊಳ್ಳಲು ಜಾಗ, ಮೇಲ್ಭಾಗದಲ್ಲಿ ಇನ್ನೂ ಮೂರು ಡ್ರಾಯರುಗಳು, ಬರೆಯುವ ಹಲಗೆಗೆ ಹಸಿರು ತೊಗಲಿನ ಹೊದಿಕೆ: ಇಂಗ್ಲಿಷರು ಪೆಡೆಸ್ಟಲ್ ಡೆಸ್ಕ್ ಎಂದು ಕರೆಯುವ ಮಾದರಿ ಇದು. ಅಜ್ಜನಿಂದ ತಮಗೆ ಬಂದ ಮೇಜನ್ನು ಹೊಸದರಂತೆ ಥಳಥಳ ಹೊಳೆಯುವ ಹಾಗೆ ಮಾಡಿಕೊಡಬೇಕೆಂದು ಅದರ ಒಡತಿ ಕೇಳಿಕೊಂಡರು. ರಿಪೇರಿ ಮಾಡಿಕೊಡುತ್ತೇನೆ, ಆದರೆ ಹೊಸದರಂತೆ ಮಾಡಲಾರೆ ಎಂದು ನಾನು ಹೇಳಿದೆ.

ಹಾಗೆ ಹೇಳುವುದಕ್ಕೆ ಕಾರಣವಿದೆ. ಈ ಕಸುಬಿಗೆ ಇಳಿದ ಎರಡನೆಯ ವರ್ಷದಲ್ಲಿ, ಹದಿನೆಂಟನೆಯ ಶತಮಾನದ ಕೊನೆಗೆ ಸೇರಿದ ಒಂದು ಬರವಣಿಗೆ ಮೇಜಿನ ಹಳೆಯ ಮೆರುಗನ್ನೆಲ್ಲ ರಾಸಾಯನಿಕ ಹಚ್ಚಿ ಕಿತ್ತು, ಉಪ್ಪು ಕಾಗದದಿಂದ ತಿಕ್ಕಿ, ಅಚ್ಚ ಹೊಸ ಪಾಲಿಶ್ ಕೊಟ್ಟಿದ್ದೆ. ಇನ್ನೂರು ವರ್ಷಗಳ ಬಿಸಿಲು, ಜೇನುಮೇಣ, ಬರೆಯುವವರ ಮೊಣಕೈಗಳ ಒರೆತ ಎಲ್ಲವೂ ಸೇರಿ ಆ ಮರಕ್ಕೆ ಬಂದಿದ್ದ ಜೇನಿನಂಥ ಬಣ್ಣ ಒಂದೇ ಮಧ್ಯಾಹ್ನದಲ್ಲಿ ಹೋಯಿತು, ಕೆಳಗಿನಿಂದ ಹಸಿ ಕೆಂಪು ಮರ ಎದ್ದು ಬಂತು. ಗಿರಾಕಿ ಸಂತೋಷಪಟ್ಟು ಹಣ ಕೊಟ್ಟು ಹೋದರು. ನನಗೆ ಮಾತ್ರ ಆ ಮೇಜು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ, ಏಕೆಂದರೆ ಹೋದದ್ದನ್ನು ಮರಳಿ ಕೊಡುವ ವಿದ್ಯೆ ಯಾರಲ್ಲಿಯೂ ಇಲ್ಲ.

ಆದುದರಿಂದ ಈಗ ಕೈಹಚ್ಚುವ ಮೊದಲು ಎರಡು ದಿನ ಬರಿದೆ ನೋಡುತ್ತೇನೆ. ಒಂಬತ್ತು ಡ್ರಾಯರುಗಳನ್ನೂ ಹೊರತೆಗೆದು ಬೋರಲು ಹಾಕಿ, ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿದಾಗ, ಗೂಡಿನ ಹಿಂದಿನ ಪೈನ್ ಹಲಗೆಗಳ ಮೇಲೆ ಕಮಾನಿನ ಆಕಾರದ ಗೀರುಗಳು ಕಂಡವು. ಕೈಗರಗಸದ ಗುರುತು ನೇರವಾಗಿರುತ್ತದೆ, ಬಾಗಿದ ಗುರುತು ಬೀಳುವುದು ಯಂತ್ರದ ವೃತ್ತಗರಗಸದಿಂದ, ಅಂದರೆ ಹಲಗೆ ಸೀಳಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಒಂದು ಬೀಗದ ಮೇಲೆ ಕಿರೀಟದ ಜೊತೆಗೆ ವಿಕ್ಟೋರಿಯಾ ರಾಣಿಯ ಮೊದಲಕ್ಷರಗಳ ಮುದ್ರೆಯಿತ್ತು, ಆಕೆ ಪಟ್ಟಕ್ಕೆ ಬಂದದ್ದು 1837ರಲ್ಲಿ. ಆ ಬೀಗವನ್ನು ಹಿಡಿದಿದ್ದ ಸ್ಕ್ರೂಗಳಿಗೆ ಚೂಪಾದ ತುದಿಯಿರಲಿಲ್ಲ, ತುದಿ ಮೊಂಡಾಗಿತ್ತು. ಚೂಪು ತುದಿಯ ಯಂತ್ರದ ಸ್ಕ್ರೂಗಳು ಬಳಕೆಗೆ ಬಂದದ್ದು 1850ರ ಹೊತ್ತಿಗೆ. ಬೀಗವನ್ನಾಗಲಿ ಸ್ಕ್ರೂವನ್ನಾಗಲಿ ಯಾರಾದರೂ ಬದಲಿಸಿರಬಹುದು, ಹಾಗಾಗಿ ಒಂದೇ ಸಾಕ್ಷಿಯನ್ನು ನಂಬಬಾರದು. ಇಲ್ಲಿ ಬೀಗ ಕೂತ ಗುಳಿಯ ಸುತ್ತ ಬೇರೆ ಗುಳಿಯ ಗುರುತಿರಲಿಲ್ಲ, ಹಿಡಿಕೆಗಳ ಹಿಂಬದಿಯಲ್ಲಿಯೂ ಮುಚ್ಚಿದ ತೂತುಗಳಿರಲಿಲ್ಲ. ಮೂರೂ ಸಾಕ್ಷಿಗಳು ಒಂದೇ ಕಾಲವನ್ನು ತೋರಿಸಿದ್ದರಿಂದ, ಮೇಜು ಸುಮಾರು 1840ರ ದಶಕದ್ದೆಂದು ಒಡತಿಗೆ ಬರೆದುಕೊಟ್ಟೆ.

ಈ ಊರಿನಲ್ಲಿ ಹಳೆಯ ಮಹಾಗನಿ ಸಾಮಾನು ಸಿಕ್ಕಿದರೆ ಎಲ್ಲರೂ ಮೊದಲು ಹುಡುಕುವುದು ಡ್ರಾಯರಿನ ಮೇಲಂಚಿನಲ್ಲಿ ಗಿಲ್ಲೋಸ್ ಎಂಬ ಮುದ್ರೆಯನ್ನು. ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ರಾಬರ್ಟ್ ಗಿಲ್ಲೋ ಇಲ್ಲಿ ಶುರುಮಾಡಿದ ಕಾರ್ಖಾನೆಗೆ ಮಹಾಗನಿ ದಿಮ್ಮಿಗಳು ವೆಸ್ಟ್ ಇಂಡೀಸಿನಿಂದ ಹಡಗಿನಲ್ಲಿ ಬರುತ್ತಿದ್ದವು. ಅಮೆರಿಕದ ವಸಾಹತುಗಳ ಮರದ ಮೇಲಿನ ಆಮದು ಸುಂಕವನ್ನು ಪಾರ್ಲಿಮೆಂಟು 1721ರ ಕಾಯಿದೆಯಿಂದ ತೆಗೆದುಹಾಕಿದ ಮೇಲೆ ಈ ಮರ ಇಂಗ್ಲೆಂಡಿಗೆ ಹೇರಳವಾಗಿ ಬಂತು. ಜಮೈಕಾದಲ್ಲಿಯೂ ಹೊಂಡುರಾಸ್ ಕೊಲ್ಲಿಯ ಕಾಡುಗಳಲ್ಲಿಯೂ ಅದನ್ನು ಕಡಿದು ಹೊಳೆಗೆ ಎಳೆದು ತಂದವರು ಗುಲಾಮಗಿರಿಗೆ ಒಳಗಾದ ಆಫ್ರಿಕನ್ ಮೂಲದ ಜನ. ಇಷ್ಟು ಚೆಂದದ ಮರವನ್ನು ಮುಟ್ಟುವಾಗ ಅವರ ನೆನಪಾಗದಿರುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ನನ್ನ ಮೇಜಿನಲ್ಲಿ ಮುದ್ರೆ ಇರಲಿಲ್ಲ. ಮಾಡಿದವನ ಹೆಸರು ತಿಳಿಯದಿದ್ದರೂ ಡ್ರಾಯರಿನ ಮೂಲೆಯ ಡವ್‌ಟೇಲ್ ಜೋಡಣೆಯ ಹಲ್ಲುಗಳು ಸೂಜಿಯ ಮೊನೆಯಷ್ಟು ಸಣ್ಣದಾಗಿ, ಎಲ್ಲಿಯೂ ಸಂದಿಲ್ಲದೆ ಕೂತಿದ್ದವು.

ನಿಜವಾದ ಕೆಲಸವಿದ್ದದ್ದು ಎಡಗಡೆಯ ಗೂಡಿನಲ್ಲಿ. ನೂರೆಂಬತ್ತು ವರ್ಷ ಎಳೆದು ನೂಕಿದ್ದರಿಂದ ಡ್ರಾಯರುಗಳ ಓಕ್ ಪಕ್ಕೆಗಳ ಕೆಳಗಂಚು ಹಿಂದುಗಡೆ ಸವೆದು ಇಳಿಜಾರಾಗಿತ್ತು, ಒಳಗಿನ ಪಟ್ಟಿಗಳಲ್ಲಿ ಅದಕ್ಕೆ ಸರಿಯಾಗಿ ಕಾಲುವೆ ಬಿದ್ದಿತ್ತು. ಮೊದಲು ಯಾರೋ ಒಬ್ಬರು ಅಲ್ಲಿಗೆ ಪ್ಲೈವುಡ್ಡಿನ ಚೂರು ಇಟ್ಟು, ಈಗಿನ ಬಿಳಿ ಅಂಟು ಸುರಿದು, ಮೊಳೆ ಹೊಡೆದಿದ್ದರು. ಆ ಮೊಳೆಯನ್ನು ಓಕ್ ಸೀಳದಂತೆ ಬಿಡಿಸುವುದಕ್ಕೇ ನನಗೆ ಒಂದು ಬೆಳಗ್ಗೆ ಹಿಡಿಯಿತು. ಆಮೇಲೆ ಸವೆದ ಅಂಚನ್ನು ಉಜ್ಜುಗೊರಡಿನಿಂದ ನೇರ ಮಾಡಿ, ಮುರಿದ ಹಳೆಯ ಪೆಟ್ಟಿಗೆಯೊಂದರಿಂದ ಎತ್ತಿಟ್ಟುಕೊಂಡಿದ್ದ ಓಕ್ ಪಟ್ಟಿಯನ್ನು ಎಳೆಗೆ ಎಳೆ ಕೂಡುವಂತೆ ಸೇರಿಸಿದೆ. ಅಂಟಿಗೆ ಬಳಸಿದ್ದು ಪ್ರಾಣಿಗಳ ತೊಗಲಿನಿಂದ ಮಾಡುವ ಸರೇಸು: ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಸುಮಾರು 60 ಡಿಗ್ರಿಯಲ್ಲಿ ಕಾಯಿಸಬೇಕು, ಕುದಿಸಿದರೆ ಅದರ ಬಲ ಹೋಗುತ್ತದೆ. ಬೆಚ್ಚಗಿನ ನೀರು ತಾಗಿಸಿದರೆ ಸರೇಸು ಬಿಟ್ಟುಕೊಳ್ಳುತ್ತದೆ. ನನ್ನ ಕೆಲಸದಲ್ಲಿ ತಪ್ಪಿದ್ದರೆ ನೂರು ವರ್ಷದ ಮೇಲೆ ಇನ್ನೊಬ್ಬ ಬಡಗಿ ಮರಕ್ಕೆ ನೋವಾಗದಂತೆ ಅದನ್ನು ಬಿಚ್ಚಲು ಸಾಧ್ಯವಾಗಬೇಕು.

ಮಹಾಗನಿ ವೆನೀರು, ಅಂದರೆ ಮೇಲ್ಮೈಗೆ ಅಂಟಿಸಿದ ತೆಳು ಮರದ ಹಾಳೆ, ಒಂದು ಮೂಲೆಯಲ್ಲಿ ಹೆಬ್ಬೆರಳಿನಗಲ ಹಾರಿಹೋಗಿತ್ತು. ಆ ಕಾಲದಲ್ಲಿ ಗರಗಸದಿಂದ ಸೀಳಿದ ವೆನೀರು ಒಂದು ಮಿಲಿಮೀಟರಿಗಿಂತ ದಪ್ಪವಾಗಿರುತ್ತದೆ, ಈಗ ಅಂಗಡಿಯಲ್ಲಿ ಸಿಗುವುದು ಕಾಗದದಷ್ಟು ತೆಳ್ಳಗೆ. ದೊಡ್ಡೆಲೆಯ ಮಹಾಗನಿಯ ವ್ಯಾಪಾರಕ್ಕೆ 2003ರಿಂದ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡೂ ಇದೆ. ಇಂಥ ತೇಪೆಗಳಿಗೆಂದೇ ನಾನು ಮುರಿದ ಪೀಠೋಪಕರಣಗಳ ಚೂರುಗಳನ್ನು ಕೂಡಿಡುತ್ತೇನೆ. ತೊಗಲನ್ನು ಬದಲಿಸಲಿಲ್ಲ. ಮಸಿಯ ಒಂದು ಕಲೆಯಿತ್ತು, ಅದನ್ನೂ ಹಾಗೆಯೇ ಬಿಟ್ಟೆ. ಅಂಚಿನಲ್ಲಿ ಎದ್ದಿದ್ದ ಕಡೆ ಮಾತ್ರ ಗೋಧಿ ಗಂಜಿಯ ಅಂಟು ಸವರಿ ಕೂರಿಸಿದೆ.

ಕೊನೆಯದು ಮೆರುಗು. ನಾನು ಹುಟ್ಟಿ ಬೆಳೆದದ್ದು ಚನ್ನಪಟ್ಟಣದಲ್ಲಿ, ತಿರುಗುವ ಹಾಲೆಮರದ ಬುಗುರಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ತಿಕ್ಕಾಟದ ಬಿಸಿಗೇ ಕರಗಿ ಹತ್ತಿಕೊಂಡ ಬಣ್ಣವನ್ನು ತಾಳೆಗರಿಯಿಂದ ಉಜ್ಜುವುದನ್ನು ನೋಡುತ್ತ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಬಳಕೆಗೆ ಬಂದ ಫ್ರೆಂಚ್ ಪಾಲಿಶ್ ಕೂಡ ಅದೇ ಅರಗು, ಸ್ಪಿರಿಟ್ಟಿನಲ್ಲಿ ಕರಗಿಸಿದ್ದು, ಅಷ್ಟೇ. ಇಲ್ಲಿಗೆ ಬಂದು ಮೊದಲ ಸಲ ಅರಗಿನ ಚಕ್ಕೆಗಳ ಡಬ್ಬಿ ತೆರೆದಾಗ ಆ ವಾಸನೆಗೆ ನನ್ನ ಕಣ್ಣು ತುಂಬಿ ಬಂದಿತ್ತು. ಹತ್ತಿಯ ಉಂಡೆಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಅರಗಿನಲ್ಲಿ ತೇವ ಮಾಡಿ, ಜಾರಲೆಂದು ಅಗಸೆ ಎಣ್ಣೆಯ ಒಂದು ಹನಿ ಮುಟ್ಟಿಸಿ, 8ರ ಅಂಕಿ ಬರೆದಂತೆ ಮರದ ಮೇಲೆ ಆಡಿಸಬೇಕು. ಕೈ ಒಂದು ಕ್ಷಣ ನಿಂತರೂ ಸ್ಪಿರಿಟ್ಟು ಕೆಳಗಿನ ಪದರವನ್ನು ಮೆತ್ತಗೆ ಮಾಡಿ ಬಟ್ಟೆಗೆ ಅಂಟಿಸಿಕೊಂಡು ಎಬ್ಬಿಸಿಬಿಡುತ್ತದೆ. ತೇಪೆ ಹಾಕಿದ ಮೂಲೆಗೆ ಮಾತ್ರ ಹೀಗೆ ಹದಿನೈದು ಪದರ ಕೊಟ್ಟೆ. ಉಳಿದ ಮೈಯನ್ನು ಕೊಳೆ ಒರೆಸಿ, ಜೇನುಮೇಣ ಸವರಿ, ಒಣ ಬಟ್ಟೆಯಿಂದ ತಿಕ್ಕಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ಒಡತಿ ಬಂದ ದಿನ ಕಿಟಕಿಯ ಬೆಳಕಿನಲ್ಲಿ ಮೇಜನ್ನು ಬಹಳ ಹೊತ್ತು ನೋಡಿದರು. ಮಸಿಯ ಕಲೆಯ ಮೇಲೆ ಬೆರಳಿಟ್ಟು, ಇದು ಅಜ್ಜನದೇ ಇರಬೇಕು ಎಂದರು. ನಾನು ಎಡಗಡೆಯ ಕೆಳಗಿನ ಡ್ರಾಯರನ್ನು ಮೆಲ್ಲಗೆ ನೂಕಿದೆ. ಗೂಡಿನೊಳಗಿನ ಗಾಳಿ ಒತ್ತಿ, ಮೇಲಿನ ಡ್ರಾಯರು ತಾನಾಗಿಯೇ ಒಂದು ಬೆರಳಿನಷ್ಟು ಹೊರಗೆ ಬಂತು.