ಮಳೆಗಾಲದ ಟ್ಯಾಂಕಿಗೆ ಬಿಳಿ ಚುಕ್ಕೆ ಬಂದಾಗ

ಸಾಕುಮೀನಿನ ಬಿಳಿ ಚುಕ್ಕೆ ರೋಗದ ಔಷಧಿಯ ಬಾಟಲಿಯ ಮೇಲೆ ಅಚ್ಚಾಗಿರುವ ದಿನಗಳ ಲೆಕ್ಕ ಮಡಿಕೇರಿಯ ಮಳೆಗಾಲಕ್ಕೆ ಹೊಂದುವುದಿಲ್ಲ. ಅದು ಬೆಚ್ಚಗಿನ ಊರಿನ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ಹಿಡಿದರೆ ನಮ್ಮ ಮನೆಯ ಮೀನಿನ ಟ್ಯಾಂಕಿನ ನೀರು 18-19 ಡಿಗ್ರಿಗೆ ಇಳಿಯುತ್ತದೆ, ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಲೈನ್‌ಮ್ಯಾನ್‌ಗೂ ಗೊತ್ತಿರುವುದಿಲ್ಲ. ಅಂಥ ದಿನಗಳಲ್ಲಿ ನನ್ನ ಗೋಲ್ಡ್‌ಫಿಶ್‌ಗಳಿಗೆ ಈ ರೋಗ ತಗುಲಿತು. ಮೈಸೂರಿನಿಂದ ಬಂದ ಅಕ್ಕನ ಮಗ ಪ್ಲಾಸ್ಟಿಕ್ ಚೀಲದಲ್ಲಿ ಶುಬುಂಕಿನ್ ಎಂಬ ತಳಿಯ ಒಂದು ಗೋಲ್ಡ್‌ಫಿಶ್ ತಂದು, ನಾನು ಅಡುಗೆಮನೆಯಲ್ಲಿದ್ದಾಗ ಪ್ರೀತಿಯಿಂದ ಟ್ಯಾಂಕಿಗೆ ಬಿಟ್ಟಿದ್ದ.

ಮೊದಲು ಕಂಡದ್ದು ಚುಕ್ಕೆಯಲ್ಲ, ಉಜ್ಜಾಟ. ದೊಡ್ಡ ಒರಾಂಡಾ ಗೋಲ್ಡ್‌ಫಿಶ್ ಓರೆಯಾಗಿ ತಿರುಗಿ ಕಲ್ಲಿಗೆ ಮೈ ತಿಕ್ಕಿ, ಬೆಚ್ಚಿದ ಹಾಗೆ ಚಿಮ್ಮುತ್ತಿತ್ತು. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿತ್ತು, ಕಿವಿರು ಬೇಗ ಬೇಗ ಆಡುತ್ತಿತ್ತು. ಕೋಣೆಯ ದೀಪ ಆರಿಸಿ ಬದಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಬಾಲದ ಮೇಲೂ ಬೆನ್ನಿನ ಮೇಲೂ ಚಿರೋಟಿ ರವೆ ಉದುರಿಸಿದಂತೆ ಬಿಳಿ ಕಾಳುಗಳು. ಗಂಡು ಗೋಲ್ಡ್‌ಫಿಶ್‌ಗೆ ಬೆದೆಯ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಯ ಮುಂದಂಚಿನಲ್ಲಿ ಬಿಳಿ ಗುಳ್ಳೆಗಳು ಏಳುತ್ತವೆ. ಅದು ರೋಗವಲ್ಲ. ಅವು ಆ ಎರಡು ಜಾಗಗಳಲ್ಲೇ ಓರಣವಾಗಿರುತ್ತವೆ, ಇದು ಬಾಲದ ತುದಿಯವರೆಗೆ ಎಲ್ಲೆಂದರಲ್ಲಿ ಚೆದುರಿತ್ತು. ಗುಳ್ಳೆ ಬಂದ ಆರೋಗ್ಯವಂತ ಮೀನಿಗೆ ಬಿಳಿ ಚುಕ್ಕೆಯ ನೀಲಿ ಔಷಧಿ ಸುರಿದವರನ್ನು ನಾನು ಕಂಡಿರುವುದರಿಂದ ಇದನ್ನು ಹೇಳಿದೆ.

ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಜೀವಿ ಇದರ ಕಾರಣ. ಕಣ್ಣಿಗೆ ಕಾಣುವ ಚುಕ್ಕೆ ಮೀನಿನ ಚರ್ಮದೊಳಗೆ ಕುಳಿತು ಮೇಯುತ್ತಿರುವ ಹಂತ. ಅಲ್ಲಿಗೆ ಯಾವ ಔಷಧಿಯೂ ತಲುಪುವುದಿಲ್ಲ. ಬಲಿತ ಮೇಲೆ ಅದು ಉದುರಿ ತಳಕ್ಕೆ ಅಂಟಿಕೊಂಡು, ಒಡೆದು, ನೂರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಆ ಮರಿಗಳು ಒಂದೆರಡು ದಿನಗಳಲ್ಲಿ ಮೀನನ್ನು ಹುಡುಕಿಕೊಳ್ಳದಿದ್ದರೆ ಸಾಯುತ್ತವೆ. ಔಷಧಿಗೂ ಉಪ್ಪಿಗೂ ಸಿಗುವುದು ಈಜುತ್ತಿರುವ ಈ ಮರಿಗಳು ಮಾತ್ರ. ನೀರು 25 ಡಿಗ್ರಿ ಇದ್ದರೆ ಇಡೀ ಚಕ್ರ ವಾರದೊಳಗೆ ಮುಗಿಯುತ್ತದೆ, 10 ಡಿಗ್ರಿಯಲ್ಲಿ ತಿಂಗಳು ಮೀರುತ್ತದೆ. ನಮ್ಮ ಜುಲೈ ಇವೆರಡರ ನಡುವೆ ಬೀಳುವುದರಿಂದ, ಬಾಟಲಿಯ ಲೆಕ್ಕದಂತೆ ಔಷಧಿ ಮುಗಿಸಿ ಕೈ ತೊಳೆದುಕೊಂಡರೆ ಅರ್ಧ ರೋಗ ಇನ್ನೂ ಚರ್ಮದೊಳಗೆ ಬೆಚ್ಚಗೆ ಕುಳಿತಿರುತ್ತದೆ. ಹಾಗಾಗಿ ನಾನು ಮೊದಲು ಕೈಗೆತ್ತಿಕೊಂಡದ್ದು ಥರ್ಮಾಮೀಟರ್.

ಇಡೀ ಟ್ಯಾಂಕನ್ನು ಬೆಚ್ಚಗಿಡಲು ನಮ್ಮ ಇನ್ವರ್ಟರ್‌ಗೆ ತ್ರಾಣವಿಲ್ಲ. ಎಲ್ಲ ಮೀನುಗಳನ್ನೂ 50 ಲೀಟರಿನ ಪ್ಲಾಸ್ಟಿಕ್ ಟಬ್‌ಗೆ ಸಾಗಿಸಿದೆ. ಚುಕ್ಕೆ ಕಾಣಿಸಿದ ಮೀನನ್ನಷ್ಟೇ ಹಿಡಿದು ಬೇರೆ ಇಡುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಉಳಿದವುಗಳ ಕಿವಿರಿನಲ್ಲಿ ಆಗಲೇ ಸೇರಿಕೊಂಡಿರಬಹುದು. ಟಬ್‌ನ ತಳದಲ್ಲಿ ಕಲ್ಲು, ಮರಳು ಏನೂ ಇಲ್ಲ. ಉದುರಿದ್ದನ್ನೆಲ್ಲ ದಿನವೂ ಪೈಪ್ ಇಟ್ಟು ಎಳೆದು ತೆಗೆಯಬಹುದು. 50 ವಾಟ್‌ನ ಹೀಟರ್ ಇಟ್ಟು, ದಿನಕ್ಕೆ ಮೂರು ನಾಲ್ಕು ಡಿಗ್ರಿಗಿಂತ ಹೆಚ್ಚಾಗದಂತೆ ನಿಧಾನವಾಗಿ 28ಕ್ಕೆ ತಂದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ರೋಗ ಬಿದ್ದ ಕಿವಿರಿಗೆ ಅದೇ ಹೆಚ್ಚು ಬೇಕು. ಆದ್ದರಿಂದ ಏರ್ ಪಂಪ್ ಒಂದು ಕ್ಷಣವೂ ನಿಲ್ಲಬಾರದು. ಕರೆಂಟ್ ಹೋದಾಗ ಹೀಟರ್ ಆರಿಸಿ ಇನ್ವರ್ಟರನ್ನು ಪಂಪ್‌ಗೆ ಮೀಸಲಿಟ್ಟೆ. ಟಬ್ ಸುತ್ತ ಥರ್ಮೊಕೋಲ್ ಕಟ್ಟಿ, ಮೇಲೆ ಹಳೆಯ ಕಂಬಳಿಯನ್ನು ಗಾಳಿಯಾಡುವಂತೆ ಹೊದಿಸಿ, ಬಿಸಿ ನೀರು ತುಂಬಿದ ಬಾಟಲಿ ತೇಲಿಬಿಟ್ಟೆ. ಹೀಗೆ ಮಾಡಿದರೆ ರಾತ್ರಿಯಲ್ಲಿ ಬೀಳುವ ಡಿಗ್ರಿ ಸಾಕಷ್ಟು ಕಡಿಮೆಯಾಗುತ್ತದೆ.

ಜೊತೆಗೆ ಉಪ್ಪು. ಲೀಟರಿಗೆ 2 ಗ್ರಾಂನಂತೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿ, ಒಂದು ದಿನದಲ್ಲಿ ಮೂರು ಕಂತಾಗಿ ಹಾಕಿದೆ. ಅಯೋಡಿನ್ ಇರುವ ಉಪ್ಪು ಮೀನಿಗೆ ವಿಷ ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ, ಆದರೂ ಕೈಗೆ ಸಿಕ್ಕಿದ್ದು ಕಲ್ಲುಪ್ಪು. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ, ಹಾಗಾಗಿ ದಿನವೂ ತೆಗೆದ ನೀರಿನ ಅಳತೆಗೆ ತಕ್ಕಷ್ಟು ಮಾತ್ರ ಮತ್ತೆ ಸೇರಿಸಬೇಕು. ಗೋಲ್ಡ್‌ಫಿಶ್ ಇದನ್ನು ಸಲೀಸಾಗಿ ತಾಳಿಕೊಳ್ಳುತ್ತದೆ. ಲೋಚ್, ಕ್ಯಾಟ್‌ಫಿಶ್ ಜಾತಿಯವು ಉಪ್ಪಿಗೂ ಔಷಧಿಗೂ ನಾಜೂಕು. ಅವು ಇದ್ದಿದ್ದರೆ ನಾನು ಇಷ್ಟು ಧೈರ್ಯ ಮಾಡುತ್ತಿರಲಿಲ್ಲ.

ನೀರು ಬೆಚ್ಚಗಾದ ಕೂಡಲೇ ಚುಕ್ಕೆಗಳು ಹೆಚ್ಚಾದವು. ಅನೇಕರು ಹೆದರಿ ಚಿಕಿತ್ಸೆ ಬದಲಿಸುವುದು ಇಲ್ಲೇ. ಚಕ್ರ ವೇಗವಾಗಿ ತಿರುಗುತ್ತಿದೆ ಎಂಬುದಕ್ಕೆ ಅದೇ ಗುರುತು. ಬೇಗ ಬಲಿತರೆ ಬೇಗ ಉದುರುತ್ತದೆ, ಉದುರಿದರೆ ನಮ್ಮ ಕೈಗೆ ಸಿಗುತ್ತದೆ.

ತೋಟದ ಲೆಕ್ಕ ಬರೆಯುವ ರೈಟರ್ ಒಂದು ಸಂಜೆ ಬಂದವರು ಟಬ್ ನೋಡಿ, "ಇಷ್ಟೆಲ್ಲ ಯಾಕಕ್ಕಾ? ಒಂದು ಚಿಟಿಕೆ ಮೈಲುತುತ್ತ ಹಾಕಿ. ಹುಳವೂ ಸಾಯುತ್ತದೆ, ಪಾಚಿಯೂ ಸಾಯುತ್ತದೆ" ಎಂದರು. ಮಾತು ಪೂರ್ತಿ ಸುಳ್ಳಲ್ಲ. ತಾಮ್ರದ ಸಲ್ಫೇಟ್ ಈ ರೋಗಕ್ಕೆ ಹಳೆಯ ಮದ್ದು. ಆದರೆ ತಾಮ್ರ ಮೀನನ್ನು ಉಳಿಸುವುದೂ ಕೊಲ್ಲುವುದೂ ನೀರಿನ ಕ್ಷಾರಗುಣದ ಮೇಲೆ ನಿಂತಿದೆ. ಕ್ಷಾರಗುಣ ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆ ಇರುವ ನೀರಿಗೆ ತಾಮ್ರ ಹಾಕಲೇಬಾರದು, ಮತ್ತು ನಮ್ಮ ಬಾವಿಯ ನೀರು ಬಹುಮಟ್ಟಿಗೆ ಮಳೆನೀರೇ. ಕಾಫಿ ತೋಟದ ಮನೆಯಲ್ಲಿ ಮೀನು ಸಾಕುವವರು ಈ ವಿಷಯದಲ್ಲಿ ಬಹಳ ಎಚ್ಚರವಾಗಿರಬೇಕು. ಮೈಲುತುತ್ತದಿಂದಲೇ ಮಾಡುವ ಬೋರ್ಡೋ ದ್ರಾವಣ ಕಲಸಿದ ಬಕೆಟ್, ಅದನ್ನು ಕದಡಿದ ಕೋಲು, ಸಿಂಪಡಿಸಿ ಬಂದವರ ಕೈ, ಯಾವುದೂ ಟ್ಯಾಂಕಿನ ಹತ್ತಿರ ಸುಳಿಯಬಾರದು. ಬಚ್ಚಲಿನ ತಾಮ್ರದ ಹಂಡೆಯ ಬಿಸಿ ನೀರೂ ಬೇಡ. ಮೀನಿಗೆ ಬೇಕಾದ ನೀರನ್ನು ನಾನು ಸ್ಟೀಲ್ ಪಾತ್ರೆಯಲ್ಲೇ ಕಾಯಿಸಿದೆ.

ಇತ್ತ ಖಾಲಿ ಟ್ಯಾಂಕ್. ಬಿಳಿ ಚುಕ್ಕೆಯೊಂದೇ ಆಗಿದ್ದರೆ ಮೀನಿಲ್ಲದೆ ಬಿಟ್ಟು, ತೊಳೆದು ಬಿಸಿಲಿಗೆ ಒಣಗಿಸಿದರೆ ಸಾಕು. ಆ ಜೀವಿ ಒಣಗಿದರೆ ಉಳಿಯುವುದಿಲ್ಲ. ಆದರೆ ಕಕ್ಕಡದಲ್ಲಿ ಮಡಿಕೇರಿಯಲ್ಲಿ ಬಟ್ಟೆಯೇ ಒಣಗದಿರುವಾಗ ಟ್ಯಾಂಕಿನ ಮೂಲೆ ಒಣಗುತ್ತದೆಯೇ? ಹೊಸ ಮೀನು ಬೇರೆ ಇನ್ನೇನು ತಂದಿದೆಯೋ ಎಂಬ ಅನುಮಾನವೂ ಇತ್ತು. ಬ್ಲೀಚಿಂಗ್ ಪೌಡರ್ ತಂದೆ. ಇದರಲ್ಲೂ ಮಳೆಗಾಲದ ತಕರಾರು ಇದೆ. ತೇವ ತಗುಲಿ ಗಂಟು ಕಟ್ಟಿ ಘಾಟು ಕಳೆದುಕೊಂಡ ಪೌಡರ್‌ನಲ್ಲಿ ಕ್ಲೋರಿನ್ ಹೆಸರಿಗಷ್ಟೇ ಇರುತ್ತದೆ. ಬಾಯಿ ಬಿಚ್ಚದ ಹೊಸ ಪೊಟ್ಟಣ ಬೇಕು. ಒಳ್ಳೆಯ ಪೌಡರ್‌ನಲ್ಲಿ ಶೇ. 30ರ ಆಸುಪಾಸು ಕ್ಲೋರಿನ್ ಇರುತ್ತದೆ. ಲೀಟರಿಗೆ 1 ಗ್ರಾಂ ಹಾಕಿದರೆ ಬೇಕಾದ 200 ಪಿಪಿಎಂ (ಲೀಟರಿಗೆ 200 ಮಿಲಿಗ್ರಾಂ) ದಾಟುತ್ತದೆ.

ಮೊದಲು ಲೋಳೆ, ಪಾಚಿ, ಕಸವನ್ನೆಲ್ಲ ಉಜ್ಜಿ ತೆಗೆದೆ, ಏಕೆಂದರೆ ಕೊಳೆಯಿದ್ದರೆ ಕ್ಲೋರಿನ್ ಅದರ ಮೇಲೇ ಖರ್ಚಾಗಿಬಿಡುತ್ತದೆ. ರಬ್ಬರ್ ಕೈಗವಸು ಹಾಕಿಕೊಂಡದ್ದು ಬ್ಲೀಚಿಂಗ್‌ಗೆ ಮಾತ್ರವಲ್ಲ. ಮೀನಿನ ಕ್ಷಯಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾ ಕೈಯ ಗೀರುಗಳ ಮೂಲಕ ಮನುಷ್ಯರ ಚರ್ಮಕ್ಕೂ ಇಳಿಯಬಲ್ಲದು. ಟ್ಯಾಂಕನ್ನು ಗಾಳಿಯಾಡುವ ಜಗಲಿಗೆ ಸಾಗಿಸಿ, ಅಂಚಿನವರೆಗೆ ದ್ರಾವಣ ತುಂಬಿ, ಫಿಲ್ಟರಿನ ಡಬ್ಬಿ, ಪೈಪು, ಬಲೆ ಎಲ್ಲವನ್ನೂ ಅದರಲ್ಲೇ ಮುಳುಗಿಸಿ ಒಂದು ಗಂಟೆ ಬಿಟ್ಟೆ. ಕಕ್ಕಸು ತೊಳೆಯುವ ಆಸಿಡ್ ಇದರ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ. ಅದನ್ನು ಆ ಹೊತ್ತಿಗೆ ಹತ್ತಿರವೂ ಇಡಬೇಡಿ. ಕಲ್ಲುಗಳನ್ನೂ ಮರದ ತುಂಡನ್ನೂ ಬ್ಲೀಚಿಂಗ್‌ಗೆ ಹಾಕಲಿಲ್ಲ, ಕುದಿಸಿದೆ. ಮರ ಕ್ಲೋರಿನ್ ಹೀರಿಕೊಂಡರೆ ಬಿಡುವುದೇ ಇಲ್ಲ. ಸ್ಪಾಂಜ್ ಎಸೆದೆ.

ಗಂಟೆ ಕಳೆದ ಮೇಲೆ ಅದೇ ನೀರಿಗೆ ಲೀಟರಿಗೆ ಎರಡೂವರೆ ಗ್ರಾಂ ಹೈಪೊ (ಸೋಡಿಯಂ ಥಯೋಸಲ್ಫೇಟ್) ಹರಳು ಹಾಕಿ ಕದಡಿದೆ. ಕ್ಲೋರಿನ್ ಘಾಟು ಅಡಗಿತು. ಮೂಗನ್ನು ಪೂರ್ತಿ ನಂಬದೆ, ಬಾವಿ ನೀರಿನ ಕ್ಲೋರಿನ್ ನೋಡುವ ಕ್ಲೋರೋಸ್ಕೋಪ್ ಎರವಲು ತಂದು ಪರೀಕ್ಷಿಸಿದೆ. ಬಣ್ಣ ಬರಲಿಲ್ಲ. ಆ ನೀರನ್ನೂ ಟಬ್‌ನ ಉಪ್ಪು ನೀರನ್ನೂ ತೋಡಿಗೆ ಬಿಡಲಿಲ್ಲ, ಗಿಡಗಳಿಗೂ ಹಾಕಲಿಲ್ಲ. ಶೌಚಾಲಯದ ಗುಂಡಿಗೆ ಹೋಯಿತು. ನಮ್ಮ ತೋಡು ಸೇರುವುದು ಕಾವೇರಿಯನ್ನು. ಪೇಟೆಯ ಮೀನಿನ ರೋಗ ಅಲ್ಲಿನ ಮೀನಿಗೆ ಬೇಡ.

ಕೊನೆಯ ಚುಕ್ಕೆ ಉದುರಿದ ಮೇಲೂ ವಾರಕ್ಕಿಂತ ಹೆಚ್ಚು ಕಾಲ ಶಾಖವನ್ನೂ ಉಪ್ಪನ್ನೂ ಬಿಡಲಿಲ್ಲ. ಅಕ್ಕನ ಮಗ ತಂದ ಶುಬುಂಕಿನ್ ಉಳಿಯಲಿಲ್ಲ. ಕಿವಿರು ಆಗಲೇ ಹಾಳಾಗಿತ್ತು. ಮಿಕ್ಕವು ಮೇವಿಗೆ ಬಂದವು.

ಸೋಂಕು ತೆಗೆದ ಟ್ಯಾಂಕ್ ಎಂದರೆ ಹೊಸ ಟ್ಯಾಂಕ್ ಎಂದೇ ಲೆಕ್ಕ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ರೋಗದ ಜೊತೆ ಹೋಗಿರುತ್ತವೆ. ಅವು ಮರಳಿ ನೆಲೆಗೊಳ್ಳಲು ತಿಂಗಳಾದರೂ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ಗೆಳತಿಯೊಬ್ಬಳು ತನ್ನ ಟ್ಯಾಂಕಿನ ಸ್ಪಾಂಜ್ ಕೊಡಲು ಬಂದಳು, ಅವಳ ಮನೆಯ ರೋಗವೂ ಜೊತೆಗೆ ಬಂದೀತೆಂದು ಬೇಡವೆಂದೆ. ಸುಣ್ಣದ ಅಂಶ ಕಡಿಮೆಯಿರುವ ಮೆತ್ತಗಿನ ನೀರಿನಲ್ಲಿ ಪಿಎಚ್ ಕುಸಿದರೆ ಆ ಬ್ಯಾಕ್ಟೀರಿಯಾಗಳೂ ಮಂಕಾಗುತ್ತವೆ ಎಂದು, ಕುದಿಸಿದ ಮರುವಾಯಿ ಚಿಪ್ಪುಗಳನ್ನು ಪುಡಿಮಾಡಿ ಫಿಲ್ಟರಿನಲ್ಲಿ ಇಟ್ಟೆ. ದಿನ ಬಿಟ್ಟು ದಿನ ಚಿಟಿಕೆ ಮೇವು, ಅಮೋನಿಯಾ ಕಿಟ್ ಹಳದಿ ಬಿಟ್ಟು ಹಸಿರಿಗೆ ತಿರುಗಿದ ದಿನ ಮೇವಿಲ್ಲ, ಕಾಲುಭಾಗ ನೀರು ಬದಲು. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬ ಕಳೆದು ಬಿಸಿಲು ಕಂಡ ಮೇಲೆ ಕಿಟ್ ಹಳದಿಯಲ್ಲೇ ನಿಂತಿತು. ಆಗ ಮೇವನ್ನು ದಿನವೂ ಹಾಕತೊಡಗಿದೆ.