ಮಳೆಗೆ ಮುಂಚೆ ಬರೆ, ಜನರೇಟರ್ ನೋಡಿಕೊಳ್ಳಿ

ಮನೆ ಹಿಂದೆ ಬರೆ (ಗುಡ್ಡ ಕಡಿದಲ್ಲಿ ನಿಂತಿರುವ ಕಡಿದಾದ ಮಣ್ಣಿನ ಇಳಿಜಾರು) ಇರುವವರು ಮೇ ಮುಗಿಯುವುದರೊಳಗೆ ಬರೆಯ ಮೇಲಿನ ಚರಂಡಿ ಬಿಡಿಸಿ. ಕೆಳಗಿನದನ್ನು ಎಲ್ಲರೂ ಮಾಡುತ್ತಾರೆ, ಮೇಲಿನದನ್ನೇ ಮರೆಯುವುದು. ಅಲ್ಲಿ ತರಗೆಲೆ ಕಟ್ಟಿದರೆ ನೀರು ಮಣ್ಣಿಗೆ ಇಂಗಿ, ತೂಕ ಹೆಚ್ಚಿ ಬರೆ ಜಾರುತ್ತದೆ. ಬುಡ ಅಗೆದು ಅಂಗಳ ಅಗಲ ಮಾಡುವ ಕೆಲಸವಂತೂ ಈಗ ಬೇಡವೇ ಬೇಡ. ಬಿರುಕು ಕಂಡರೆ ಎರಡೂ ಬದಿ ಗೂಟ ಹೊಡೆದು ಅಂತರ ಅಳೆದಿಡಿ. ಅದು ಹೆಚ್ಚುತ್ತಿದ್ದರೆ, ಮರ ವಾಲಿದರೆ, ಒರತೆ ನೀರು ದಿಢೀರ್ ಕೆಂಪಾದರೆ ಬೆಳಗಾಗಲಿ ಎನ್ನದೆ ಮನೆ ಬಿಡಿ, ಆಮೇಲೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಹೇಳಿ.

ತೋಟದ ಆಫೀಸು, ಲೈನ್‌ಮನೆಗಳ (ಕಾರ್ಮಿಕರ ಸಾಲುಮನೆಗಳ) ಜನರೇಟರ್ ಕಿಟಕಿಯಿಂದ 20 ಅಡಿ ದೂರವಿರಲಿ. ವರಾಂಡವೂ ಆಗದು, ಅದರ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಚೇಂಜ್‌ಓವರ್ ಸ್ವಿಚ್ (ಲೈನ್ ಅಥವಾ ಜನರೇಟರ್, ಒಂದನ್ನು ಮಾತ್ರ ಜೋಡಿಸುವ ಸ್ವಿಚ್) ಇಲ್ಲದೆ ಜನರೇಟರನ್ನು ಮನೆಯ ವೈರಿಂಗ್‌ಗೆ ಕೊಟ್ಟರೆ ಕರೆಂಟು ಹಿಂದಕ್ಕೆ ಹರಿದು ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ಹೊಡೆಯುತ್ತದೆ.