ಅಮೆರಿಕದ ಶಾಲೆಯಲ್ಲಿ ಮಗು ಓದಲು ಒದ್ದಾಡುತ್ತಿದೆಯೇ? ಮೊದಲು ಒಂದು ಪತ್ರ ಬರೆಯಿರಿ

ಮಗಳು ಬಾಯಲ್ಲಿ ಕಥೆ ಹೇಳಿದರೆ ಮನೆಯವರೆಲ್ಲ ಕಿವಿಗೊಟ್ಟು ಕೂರುತ್ತಾರೆ. ಅದೇ ಕಥೆ ಪುಸ್ತಕದಲ್ಲಿದ್ದರೆ ಎರಡು ಸಾಲು ದಾಟುವಷ್ಟರಲ್ಲಿ ಅವಳ ಕಣ್ಣು ತುಂಬುತ್ತದೆ. ಈ ಪುಟದಲ್ಲಿ ಓದಿದ ಪದ ಮುಂದಿನ ಪುಟದಲ್ಲಿ ಗುರುತೇ ಸಿಗುವುದಿಲ್ಲ. ಸೋಮಾರಿ ಎಂದು ಗದರಬೇಡಿ. ಡಿಸ್ಲೆಕ್ಸಿಯಾ, ಅಂದರೆ ಪದ ಗುರುತಿಸಿ ಓದುವುದೇ ಕಷ್ಟವಾಗುವ ಕಲಿಕೆಯ ತೊಂದರೆ, ಇರಬಹುದು. ತುಂಬ ಜಾಣ ಮಕ್ಕಳಿಗೂ ಅದು ಇರುತ್ತದೆ.

ಬಿಳಿಯರಲ್ಲದ ಮಕ್ಕಳಿಗೆ ಅಲ್ಲಿ ಇನ್ನೊಂದು ತೊಡಕೂ ಇದೆ. ಕಪ್ಪು ಜನಾಂಗದ ಮಕ್ಕಳಿಗೆ ‘ಬುದ್ಧಿ ಕಡಿಮೆ’ ಎಂಬ ಹಣೆಪಟ್ಟಿ ಬೇಗ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ಪರೀಕ್ಷೆ ನಂಬಿ ಅವರನ್ನು ಬೇರೆ ತರಗತಿಗೆ ತಳ್ಳುತ್ತಿದ್ದುದನ್ನು ‘ಲ್ಯಾರಿ ಪಿ.’ ಪ್ರಕರಣದಲ್ಲಿ ಕೋರ್ಟ್ ತಡೆದದ್ದು 1979ರಲ್ಲಿ. ನಮ್ಮ ಮಕ್ಕಳಿಗೆ ಎಷ್ಟೋ ಸಲ ಇದರ ಉಲ್ಟಾ ಆಗುತ್ತದೆ. ‘ಇಂಡಿಯನ್ ಮಗು, ತಾನೇ ಕಲಿಯುತ್ತೆ’ ಅಂತಲೋ, ‘ಮನೆಯಲ್ಲಿ ಬೇರೆ ಭಾಷೆ, ಅದಕ್ಕೇ ನಿಧಾನ’ ಅಂತಲೋ ಸುಮ್ಮನಾಗುತ್ತಾರೆ. ನಾವೂ ಒಪ್ಪಿಕೊಂಡು ಬರುತ್ತೇವೆ, ಅಲ್ವಾ?

ಕಾಯಬೇಡಿ. ಟೀಚರ್ ಹತ್ತಿರ ಬಾಯಲ್ಲಿ ಹೇಳಿದರೆ ಸಾಲದು. ಸರ್ಕಾರಿ ಶಾಲೆಯಾದರೆ ಪ್ರಿನ್ಸಿಪಾಲರಿಗೆ ಇ-ಮೇಲ್ ಬರೆಯಿರಿ: “ನನ್ನ ಮಗುವಿಗೆ ಕಲಿಕೆಯ ಅಂಗವೈಕಲ್ಯ ಇರಬಹುದೆಂಬ ಅನುಮಾನವಿದೆ. ವಿಶೇಷ ಶಿಕ್ಷಣಕ್ಕಾಗಿ ಪೂರ್ತಿ ಪರೀಕ್ಷೆ ಮಾಡಿಸಿ.” ತಾರೀಖು ಹಾಕಿ, ಪ್ರತಿ ಇಟ್ಟುಕೊಳ್ಳಿ. ‘ಅಂಗವೈಕಲ್ಯ’ ಎಂದು ಬರೆಯಲು ಕೈ ನಡುಗುತ್ತದೆ, ನಿಜ. ಆದರೆ ಕಾನೂನು ಕೇಳಿಸಿಕೊಳ್ಳುವುದು ಆ ಪದವನ್ನೇ.

ಈ ಪರೀಕ್ಷೆಗೆ ನೀವು ದುಡ್ಡು ಕೊಡಬೇಕಿಲ್ಲ, ನಿಮ್ಮ ಒಪ್ಪಿಗೆ ಮಾತ್ರ ಬೇಕು. ಒಪ್ಪಿಗೆ ಕೊಟ್ಟ 60 ದಿನದೊಳಗೆ ಮುಗಿಸಬೇಕು. ಕೆಲವು ರಾಜ್ಯಗಳು ಬೇರೆ ಗಡುವು ಇಟ್ಟುಕೊಂಡಿವೆ. ಶಾಲೆ ಆಗಲ್ಲ ಅಂದರೆ ಕಾರಣವನ್ನು ಬರಹದಲ್ಲೇ ಕೊಡಬೇಕು.

ಮನೆಯಲ್ಲಿ ಕನ್ನಡ ಮಾತಾಡುತ್ತೀರಿ ಎಂಬುದನ್ನು ಮುಚ್ಚಿಡಬೇಡಿ. ಮಗು ಕನ್ನಡದಲ್ಲಿ ಮಾತು ಶುರು ಮಾಡಿದ್ದು ಯಾವಾಗ? ಪ್ರಾಸದ ಪದ ಹೇಳಲು ತಡವರಿಸುತ್ತದೆಯೇ? ಒಂದೇ ಥರ ಕೇಳುವ ಪದ ಅದಲುಬದಲು ಆಗುತ್ತದೆಯೇ? ಇವನ್ನು ಬರೆದುಕೊಂಡು ಹೋಗಿ. ಎರಡೂ ಭಾಷೆಯಲ್ಲಿ ತೊಂದರೆ ಇದ್ದರೆ, ‘ಇಂಗ್ಲಿಷ್ ಬರದಿರುವುದೇ ಕಾರಣ’ ಎಂಬ ಮಾತು ನಿಲ್ಲುವುದಿಲ್ಲ. ನಿಮಗೆ ಇಂಗ್ಲಿಷ್ ಕಷ್ಟವಾದರೆ ಸಭೆಗೆ ದುಭಾಷಿಯನ್ನು ಕೇಳಿ, ಖರ್ಚು ಶಾಲೆಯದು. ಫಲಿತಾಂಶ ಒಪ್ಪಿಗೆಯಾಗದಿದ್ದರೆ ಹೊರಗಿನ ತಜ್ಞರಿಂದ ಸರ್ಕಾರಿ ಖರ್ಚಿನಲ್ಲೇ ಮತ್ತೊಂದು ಪರೀಕ್ಷೆ ಕೇಳಬಹುದು.

ಮಗು ಅರ್ಹ ಎಂದಾದರೆ ಐಇಪಿ ಎಂಬ, ಆ ಮಗುವಿಗೆಂದೇ ಮಾಡಿದ ಕಲಿಕೆಯ ಯೋಜನೆ ಸಿದ್ಧವಾಗುತ್ತದೆ. ಕೂತಲ್ಲೇ ಸಹಿ ಹಾಕಬೇಡಿ, ಮನೆಗೆ ತಂದು ಓದಿ. ತರಗತಿಯ ಪರೀಕ್ಷೆಗಳಲ್ಲಿ ಜಾಸ್ತಿ ಸಮಯ ಕೊಟ್ಟ ಮಾತ್ರಕ್ಕೆ ಓದು ಬರುವುದಿಲ್ಲ. ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಹಂತಹಂತವಾಗಿ ಕಲಿಸಬೇಕು. ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ನಿಮಿಷ, ಮುಂದುವರಿದಿದ್ದಾಳೆ ಎಂದು ಹೇಗೆ ಅಳೆಯುತ್ತೀರಿ ಎಂದು ಕೇಳಿ. ಐಇಪಿ ಸಿಗದಿದ್ದರೆ 504 ಪ್ಲಾನ್ ಕೇಳಿ ನೋಡಿ. ಅದರಲ್ಲಿ ಹೆಚ್ಚಿನ ಸಮಯ, ಆಡಿಯೊ ಪುಸ್ತಕದಂಥ ಅನುಕೂಲ ಸಿಗಬಹುದು.

ಇನ್ನು ಮನೆ. ದಿನಕ್ಕೆ ಹದಿನೈದು ನಿಮಿಷ ಜೊತೆಗೆ ಕೂತು ಓದಿ, ಸಾಕು. ಅವಳು ತಡವರಿಸಿದ ಪದವನ್ನು ನೀವೇ ಹೇಳಿಬಿಡಿ. ಕನ್ನಡವನ್ನು ಮಾತ್ರ ನಿಲ್ಲಿಸಬೇಡಿ. ಎರಡು ಭಾಷೆ ಆಡುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಊರಲ್ಲಿರುವ ಅಜ್ಜಿಗೂ ವಿಷಯ ತಿಳಿಸಿ. ಭಾನುವಾರದ ವಿಡಿಯೊ ಕಾಲ್‌ನಲ್ಲಿ “ಎಷ್ಟು ಮಾರ್ಕ್ಸ್ ಬಂತು ಪುಟ್ಟಿ?” ಅನ್ನುವ ಬದಲು “ಒಂದು ಕಥೆ ಹೇಳು ಪುಟ್ಟಿ” ಅನ್ನಲಿ.